ಎರಡು ಜಡೆಯ ಹೆಸರು

ತಾರೀಖು ೧೬, ಸೋಮವಾರ
ಮಧ್ಯಾಹ್ನ

ಪ್ರೀತಿಯ ಅಕ್ಕ,

ಈ ಪತ್ರದಲ್ಲಿ ಬಿಟ್ಟುಬಿಡಬೇಕು ಅಂದುಕೊಂಡಿದ್ದ ಮಾತನ್ನೇ ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮತ್ತೆ ಜಾರಿಕೊಳ್ಳುತ್ತೇನೆ. ನನ್ನ ಬಲಗೈ ಸರಿಯಿಲ್ಲ. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ನೋವು. ಇವತ್ತು ನಿನ್ನೆಯದಲ್ಲ. ಬರುತ್ತದೆ, ಹೋಗುತ್ತದೆ, ಹೋಯಿತು ಅಂತ ಉಸಿರು ಬಿಡುವಷ್ಟರಲ್ಲಿ ಮತ್ತೆ ಬರುತ್ತದೆ. ಇದು ಮೂರನೇ ಸಲ. ಆ ಭಾನುವಾರ ನಿನ್ನ ಮನೆಗೆ ಬಂದಾಗಲೂ ಇತ್ತು. ನೀನು ನನ್ನ ಮುಖದಲ್ಲಿ ನೋಡಿದ್ದು ಸಿಟ್ಟಲ್ಲ, ನೋವು.

ಇದನ್ನು ಹೇಳದೆಯೇ ಈ ಪತ್ರವನ್ನು ಹಿಂದೆಯೂ ಶುರು ಮಾಡಿದ್ದೆ. ಕೆಲಸ ಜಾಸ್ತಿ, ಓಡಾಟ ಜಾಸ್ತಿ, ನಿದ್ದೆ ಕಡಿಮೆ ಅಂತೆಲ್ಲ ಬರೆಸಿ, ಓದಿ, ಅಳಿಸಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಓದಿದರೆ ಯಾರೋ ರಜೆ ಕೇಳಿ ಬರೆದ ಅರ್ಜಿಯ ಹಾಗಿತ್ತು.

ಬರೆಸಿ ಅಂದೆನಲ್ಲ, ಬೇಕೆಂದೇ ಅಂದದ್ದು. ಈ ಪತ್ರವನ್ನು ನಾನು ಬರೆಯುತ್ತಿಲ್ಲ. ಬಾಗಿಲು ಮುಚ್ಚಿಕೊಂಡು ಫೋನಿಗೆ ಹೇಳುತ್ತಿದ್ದೇನೆ, ಅದು ಅಕ್ಷರ ಮಾಡುತ್ತಿದೆ. ಹುಟ್ಟಿದಾಗಿನಿಂದ ನಿನ್ನ ಕಿವಿಗೆ ತಲುಪದ ದನಿಯಲ್ಲಿ ನಿನ್ನ ಜೊತೆ ಇಷ್ಟು ಹೊತ್ತು ಮಾತಾಡುತ್ತಿರುವುದು ಇದೇ ಮೊದಲು. ಆಗಲೇ ಇವರು ಬಾಗಿಲು ಸ್ವಲ್ಪ ತೆಗೆದು, ಯಾರ ಜೊತೆ ಮಾತು, ಅಂದರು. ಅಕ್ಕನ ಜೊತೆ, ಅಂದೆ. ನನ್ನ ಗಂಡನ ಮುಖ ನೀನು ನೋಡಬೇಕಿತ್ತು. ಬಾಗಿಲು ಮುಚ್ಚಿಕೊಂಡು ಹೋದರು. ಈಗ ಅಡುಗೆಮನೆಯಲ್ಲಿ ಟೀಗೆ ಇಟ್ಟ ಸದ್ದು ಕೇಳುತ್ತಿದೆ. ಹೆಂಡತಿಗೆ ತಲೆ ಕೆಟ್ಟರೆ ಮೊದಲು ಟೀ ಕೊಟ್ಟು ನೋಡೋಣ ಅನ್ನುವ ಜಾತಿ ಇವರದು.

ಮೆಸೇಜು ಮಾಡಬಹುದಿತ್ತು. ಮಾಡಿದೆ ಕೂಡ. ನೀನು ಎಲ್ಲದಕ್ಕೂ ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾದೆ. ನನಗೆ ಎಲ್ಲಿ ನೋಯುತ್ತದೋ ಅದರ ಚಿತ್ರವನ್ನೇ ಹುಡುಕಿ ಕಳಿಸುತ್ತಿದ್ದಾಳಲ್ಲ ಅಂತ ಒಬ್ಬಳೇ ನಕ್ಕೆ. ವಿಡಿಯೋ ಕರೆ ನೀನು ತೆಗೆಯಲಿಲ್ಲ. ತೆಗೆದಿದ್ದರೂ ಸನ್ನೆಯಲ್ಲಿ ಪೂರ್ತಿ ಹೇಳುವಷ್ಟು ಕೈ ನನ್ನಲ್ಲಿರಲಿಲ್ಲ. ಆಗ ನೆನಪಾದದ್ದು ನೀನು ಹಾಸ್ಟೆಲ್ಲಿನಲ್ಲಿದ್ದಾಗಿನ ನಮ್ಮ ಪತ್ರಗಳು. ನಾನು ಇಂಗ್ಲಿಷ್ ಶಾಲೆಯ ಹುಡುಗಿ, ಒತ್ತಕ್ಷರ ಎಲ್ಲಿ ಬರಬೇಕೋ ಅಲ್ಲಿ ಬಿಟ್ಟು ಇನ್ನೆಲ್ಲೋ ತಗುಲಿಸುತ್ತಿದ್ದೆ. ನೀನು ನನ್ನ ಪತ್ರವನ್ನೇ ಕೆಂಪು ಪೆನ್ಸಿಲಿನಲ್ಲಿ ತಿದ್ದಿ ನಿನ್ನ ಉತ್ತರದ ಜೊತೆ ವಾಪಸು ಕಳಿಸುತ್ತಿದ್ದೆ. ನನಗೆ ಕನ್ನಡ ಬಂದದ್ದು ಹಾಗೆ. ಇದನ್ನೂ ತಿದ್ದು. ಆದರೆ ಪೂರ್ತಿ ಓದಿದ ಮೇಲೆ.

ಮೊನ್ನೆ ನಿನ್ನ ಮಗಳು ಫೋನ್ ಮಾಡಿದಳು. ಅವಳ ಮೇಲೆ ರೇಗಬೇಡ, ನಿನ್ನ ಮೇಲಿನ ಪ್ರೀತಿಗೇ ಮಾಡಿದ್ದು. "ಚಿಕ್ಕಮ್ಮಾ, ಏನು ಜಗಳ ನಿಮ್ಮಿಬ್ಬರದು? ಅಮ್ಮ ದಿನಾ ಅಡುಗೆಮನೇಲಿ ಪಾತ್ರೆ ಕುಕ್ತಾಳೆ. ಅವಳಿಗೇನು, ಕೇಳಿಸಲ್ಲ. ನಮ್ಮ ಕಿವಿ ತೂತಾಗ್ತಿದೆ. ಯಾವ ಪಾತ್ರೆ ಕುಕ್ಕಿದರೆ ಎಷ್ಟು ಸಿಟ್ಟು ಅಂತ ಅಪ್ಪನಿಗೆ ಈಗ ಬಾಯಿಪಾಠ ಆಗಿದೆ" ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಆಮೇಲೆ ಹೇಳಿದಳು, ಈ ತಿಂಗಳ ಕೊನೆಯ ಶನಿವಾರ ನಿನ್ನ ಬೀಳ್ಕೊಡುಗೆಯಲ್ಲಿ ಭಾಷಣ ಮಾಡುವುದಿಲ್ಲ ಅಂತ ನೀನು ನಿನ್ನ ಹಲ್ಲಿನ ಲ್ಯಾಬಿನವರಿಗೆ ಬರೆದುಕೊಟ್ಟಿದ್ದೀಯಂತೆ. ದುಭಾಷಿ ಬೇಡ, ಮೈಕು ಬೇಡ, ಹೂಗುಚ್ಛ ತಗೊಂಡು ಮನೆಗೆ ಬರುತ್ತೇನೆ ಅಂದೆಯಂತೆ. "ಅವಳಿಗೆ ಈಗ ಕೋರ್ಟಿನವರ ಹತ್ತಿರ ಮಾತಾಡೋಕೆ ಮಾತ್ರ ಕೈ ಬರುತ್ತೆ" ಅಂತ ನನ್ನ ಬಗ್ಗೆ ಹೇಳಿದೆಯಂತೆ.

ಆ ಮಾತು ಚುಚ್ಚಿತು. ಯಾಕೆ ಚುಚ್ಚಿತು ಅಂತ ಯೋಚಿಸುತ್ತಾ ಇಡೀ ದಿನ ಕಳೆದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕೈಯ ವಿಷಯ. ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ನೀರಿನ ಬಾಟಲಿಯ ಮುಚ್ಚಳ ತಿರುಗಿಸುವಾಗ ಹೆಬ್ಬೆರಳ ಬುಡದಲ್ಲಿ ಛಳಕ್ ಅಂತು. ಡಾಕ್ಟರು ಮಣಿಕಟ್ಟಿಗೆ ಬಿಗಿಯುವ ಪಟ್ಟಿ ಕೊಟ್ಟು, ಕೈಗೆ ರಜೆ ಕೊಡಿ ಅಂದರು. ಕೊಟ್ಟೆ, ನೋವು ಹೋಯಿತು. ಕೆಲಸಕ್ಕೆ ಹೋದೆ, ನೋವು ಬಂತು. ಆ ಎರಡನೇ ಸಲ ಸೂಜಿ ಚುಚ್ಚಿಸಿಕೊಂಡೆ. ಆಹಾ, ಹೊಸ ಕೈ ಬಂದಂತಿತ್ತು. ಆ ಖುಷಿಯಲ್ಲಿ ಕಾಲೇಜಿನ ತರಗತಿ, ಆಸ್ಪತ್ರೆ, ಕೋರ್ಟು ಅಂತ ದುಭಾಷಿ ಕೆಲಸಕ್ಕೆ ಕರೆದಲ್ಲಿಗೆಲ್ಲ ಹೋದೆ. ಅಲ್ಲಿನವರು ಬಾಯಲ್ಲಿ ಹೇಳಿದ್ದೆಲ್ಲ ನನ್ನ ಕೈಯಲ್ಲಿ ಬರಬೇಕು. ಬಾಯಿಯವರಿಗೆ ಎಷ್ಟು ಮಾತಾಡುತ್ತಿದ್ದೇವೆ ಅನ್ನುವ ಅಂದಾಜೇ ಇರುವುದಿಲ್ಲ ಅಕ್ಕ. ಒಬ್ಬ ವಕೀಲರಂತೂ ಒಂದೇ ಮಾತನ್ನು ಮೂರು ಥರ ಹೇಳುತ್ತಾರೆ. ಅವರಿಗೆ ಮೂರು ವಾಕ್ಯ. ನನ್ನ ಕೈಗೆ ಮೂರು ಮೂಟೆ.

ಮತ್ತೆ ನೋವು ಬಂದಾಗ ಡಾಕ್ಟರು ಫಿಸಿಯೋಥೆರಪಿಗೆ ಕಳಿಸಿದರು. ಔಷಧಿ ಅಂಗಡಿಯ ಮೇಲೆ, ಕಿರಿದಾದ ಮೆಟ್ಟಿಲು ಹತ್ತಿ ಹೋಗಬೇಕು. ಒಳಗೆ ಪರದೆ ಎಳೆದ ಮಂಚಗಳು, ಕಿಟಕಿ ಸರಳಿಗೆ ನೇತುಹಾಕಿದ ಬಣ್ಣಬಣ್ಣದ ರಬ್ಬರ್ ಪಟ್ಟಿಗಳು, ಮೂಲೆಯಲ್ಲಿ ಬಿಸಿ ಮೇಣದ ತೊಟ್ಟಿ. ಮೇಣದ ವಾಸನೆಗೆ ನಿನ್ನ ಲ್ಯಾಬು ನೆನಪಾಯಿತು, ಹಲ್ಲಿನ ಸೆಟ್ಟಿಗೆ ನೀನು ಮೇಣದಲ್ಲಿ ಮೊದಲು ಒಸಡು ಮಾಡುತ್ತೀಯಲ್ಲ, ಅದೇ ವಾಸನೆ. ಆ ಕ್ಷಣವೇ ನಿನಗೆ ಹೇಳಬೇಕಿತ್ತು. ಹೇಳಲಿಲ್ಲ.

ಅಲ್ಲಿನ ಮೇಡಂ ನನಗಿಂತ ಚಿಕ್ಕವರು. ಸದಾ ಅರ್ಧ ನಿದ್ದೆಯಲ್ಲಿರುವವರ ಹಾಗೆ ಕಾಣುತ್ತಾರೆ. ಅವರಿಗೂ ಸೊಂಟ ನೋವಂತೆ, ನಿಂತಲ್ಲಿ ನಿಲ್ಲಲಾರದೆ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿರುತ್ತಾರೆ. ಅವರಿಗೆ ನಾನು ಇಟ್ಟಿರುವ ಹೆಸರು "ನಾಳೆ ಬೆಳಗ್ಗೆ". ಏನೇ ಮಾಡಿಸಿದರೂ, ಈಗ ಹೇಗಿದೆ ಅಂತ ಕೇಳುವುದೇ ಇಲ್ಲ. "ಈಗಿನದು ಬೇಡ, ನಾಳೆ ಬೆಳಗ್ಗೆ ಹೇಗಿರುತ್ತೆ ಅಂತ ನೋಡಿ ಹೇಳಿ" ಅನ್ನುತ್ತಾರೆ. ನಮ್ಮ ಸನ್ನೆ ಭಾಷೆಯಲ್ಲಿ ಅವರ ಹೆಸರು ಹೇಗಿರಬೇಕು ಅಂತ ನೀನೇ ನೋಡಿ ಇಡು. ಹೆಸರಿಡುವುದರಲ್ಲಿ ನನಗೆ ನಿನ್ನ ಕೈಗುಣ ಇಲ್ಲ.

ಪಕ್ಕದ ಗೋಡೆಗೆ ಏಣಿಯ ಹಾಗೆ ಹಲ್ಲುಗಳಿರುವ ಒಂದು ಮರದ ಪಟ್ಟಿ ಹೊಡೆದಿದ್ದಾರೆ. ಭುಜ ಹಿಡಿದುಕೊಂಡಿರುವ ಒಬ್ಬ ನಿವೃತ್ತ ಬಸ್ ಡ್ರೈವರು ಅದರ ಮೇಲೆ ಬೆರಳಲ್ಲಿ ಹತ್ತುತ್ತಾ ನಿಂತಿರುತ್ತಾರೆ. ಮೊದಲ ದಿನವೇ ನನ್ನನ್ನು ವಿಚಾರಿಸಿಕೊಂಡರು. ಏನು ಕೆಲಸ ನಿಮ್ಮದು? ಮಾತಾಡೋ ಕೆಲಸ, ಅಂದೆ. "ಹಾಗಾದರೆ ಗಂಟಲು ತೋರಿಸಬೇಕಿತ್ತು, ಇಲ್ಲಿ ಕೈ ಯಾಕೆ ಹಿಡ್ಕೊಂಡು ಕೂತಿದ್ದೀರಿ?" ಅಂದರು. ವಿವರಿಸಿದೆ. ಅವರು ಗೋಡೆ ಹತ್ತುವುದನ್ನು ನಿಲ್ಲಿಸಿ ನನ್ನ ಕೈಯನ್ನೇ ನೋಡಿ, "ನನ್ನ ಹೆಂಡತಿಯೂ ಕೈಯಲ್ಲೇ ಮಾತಾಡೋ ಹಾಗಿದ್ದರೆ ನಾನು ಬದುಕಿಕೊಳ್ತಿದ್ದೆ, ಲೈಟ್ ಆರಿಸಿಬಿಟ್ಟರೆ ಮುಗೀತಿತ್ತು" ಅಂದರು. ಮೇಡಂ ಪರದೆಯ ಹಿಂದಿನಿಂದ, "ಅಂಕಲ್, ಮಾತು ಕಮ್ಮಿ, ಕೈ ಮೇಲೆ" ಅಂದರು.

ನಾವೆಲ್ಲ ನರ ಅನ್ನುತ್ತೇವಲ್ಲ, ಇದು ನರ ಅಲ್ಲವಂತೆ. ಸ್ನಾಯುವನ್ನು ಮೂಳೆಗೆ ಬಿಗಿದಿರುವ ಹಗ್ಗ. ಹೆಬ್ಬೆರಳಿನ ಎರಡು ಹಗ್ಗಗಳು ಮಣಿಕಟ್ಟಿನ ಹತ್ತಿರ ಒಂದು ಕಿರಿದಾದ ಗೂಡಿನೊಳಗೆ ಹಾದುಹೋಗುತ್ತವೆ. ನನ್ನವು ಅಲ್ಲಿ ಉಜ್ಜಿ ಉಜ್ಜಿ ದಪ್ಪವಾಗಿವೆ. ಮೇಡಂ ಹೇಳಿದ್ದು ಇಷ್ಟು: "ನೋವು ಬಂದಾಗ ಪೂರ್ತಿ ಸುಮ್ಮನಿರಿಸ್ತೀರಿ, ಹೋದಾಗ ಪೂರ್ತಿ ದುಡಿಸ್ತೀರಿ. ಸುಮ್ಮನಿದ್ದರೆ ಹಗ್ಗ ಸೊರಗುತ್ತೆ, ಸೊರಗಿದ ಹಗ್ಗಕ್ಕೆ ಒಮ್ಮೆಲೇ ಭಾರ ಹಾಕಿದರೆ ಕೂಗದೆ ಏನು ಮಾಡುತ್ತೆ? ಸ್ವಲ್ಪ ಸ್ವಲ್ಪ ಹಾಕಿ. ಸ್ವಲ್ಪ ನೋವಾದರೆ ಆಗಲಿ. ಮಾರನೇ ದಿನ ಬೆಳಗ್ಗೆ ಅದು ಏರಿರಬಾರದು, ಅಷ್ಟೇ ಲೆಕ್ಕ."

ಹಾಗಾಗಿ ದಿನವೂ ಮೇಜಿನ ಅಂಚಿಗೆ ಮುಂಗೈ ಊರಿ, ಅರ್ಧ ನೀರು ತುಂಬಿದ ಬಾಟಲಿ ಹಿಡಿದು, ಎಡಗೈಯಿಂದ ಎತ್ತಿಕೊಟ್ಟು, ಬಲಗೈಯಿಂದ ನಿಧಾನವಾಗಿ ಇಳಿಸುತ್ತೇನೆ. ಎತ್ತುವುದಲ್ಲವಂತೆ ಔಷಧಿ, ಇಳಿಸುವುದು. ಆಮೇಲೆ ಬೆರಳಿಗೆಲ್ಲ ಸೇರಿಸಿ ರಬ್ಬರ್ ಹಾಕಿಕೊಂಡು ಹೆಬ್ಬೆರಳನ್ನು ಹೊರಕ್ಕೆ ತೆರೆಯುವುದು. ಇದರಷ್ಟು ಬೇಜಾರಿನ ಕೆಲಸ ಇನ್ನೊಂದಿಲ್ಲ. ಸಾಹಸ ಇಲ್ಲ, ಬೆವರು ಇಲ್ಲ, ನೋಡುವವರಿಗೆ ಯಾರೋ ಬಾಟಲಿ ಹಿಡಿದು ಮಂಕಾಗಿ ಕೂತಂತೆ. ಕೆಲವು ದಿನ ಬಾಟಲಿಯನ್ನು ನೋಡಿದರೇ ಸುಸ್ತಾಗುತ್ತದೆ. ಕಾಯಿಲೆ ಬೀಳುವುದಕ್ಕೆ ಏನೂ ಮಾಡಬೇಕಾಗಲಿಲ್ಲ, ವಾಸಿಯಾಗುವುದಕ್ಕೆ ಮಾತ್ರ ದಿನಾ ಹಾಜರಿ ಹಾಕಬೇಕು.

ಈಗ ನಿನ್ನ ಹೆಸರಿನ ವಿಷಯ. ಇದನ್ನು ಓದುವಾಗ ಕೂತುಕೋ.

ಮೊದಲ ದಿನ ಮೇಡಂ, ನಿಮ್ಮ ಕೆಲಸದಲ್ಲಿ ಯಾವ ಸನ್ನೆಗೆ ಹೆಚ್ಚು ನೋಯುತ್ತೆ, ಮಾಡಿ ತೋರಿಸಿ ಅಂದರು. ಡಾಕ್ಟರು, ಸಹಿ, ಸಾಕ್ಷಿ, ಪರೀಕ್ಷೆ ಎಲ್ಲ ಮಾಡಿ ತೋರಿಸಿದೆ. ಅಲ್ಪಸ್ವಲ್ಪ ನೋವು. ಇಷ್ಟೇನಾ, ಅಂದರು. ಇನ್ನೊಂದಿದೆ, ಅಂದು ನಿನ್ನ ಹೆಸರು ಮಾಡಿದೆ. ಹೆಬ್ಬೆರಳನ್ನು ಒಳಗೆ ಮಡಚಿ, ಎರಡೂ ಮುಷ್ಟಿ ಕಟ್ಟಿ, ಭುಜದ ಹತ್ತಿರದಿಂದ ಕೆಳಕ್ಕೆ ಜಗ್ಗುವುದು. ಶಾಲೆಗೆ ಹೋಗುವಾಗ ನಿನ್ನ ಹಿಂದಿನಿಂದ ಎರಡು ಜಡೆಗಳನ್ನೂ ಹಿಡಿದು ಕುದುರೆ ಓಡಿಸಿದಂತೆ ಜಗ್ಗುತ್ತಿದ್ದೆನಲ್ಲ, ಅದೇ. ಮಾಡಿದ ತಕ್ಷಣ ನನ್ನ ಕಣ್ಣಲ್ಲಿ ನೀರು ಬಂತು. ಮೇಡಂ ಮೊದಲ ಸಲ ಪೂರ್ತಿ ಎಚ್ಚರವಾದವರಂತೆ ನೋಡಿ, "ಇದು ಯಾರು ಹೇಳಿಕೊಟ್ಟರು ನಿಮಗೆ?" ಅಂದರು. ಈ ಕಾಯಿಲೆ ಇದೆಯೋ ಇಲ್ಲವೋ ಅಂತ ಅವರು ಕಂಡುಹಿಡಿಯುವುದೇ ಹಾಗಂತೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಸಿ, ಮಣಿಕಟ್ಟನ್ನು ಕಿರುಬೆರಳ ಕಡೆಗೆ ಬಗ್ಗಿಸುವುದು. ಜೀವ ಹೋದಂತಾದರೆ ಅದೇ ಕಾಯಿಲೆ. ಅಕ್ಕ, ಪ್ರಪಂಚದಲ್ಲಿ ಅಷ್ಟೊಂದು ಸನ್ನೆಗಳಿರುವಾಗ ಏಳು ವರ್ಷದ ನಾನು ನಿನಗೆ ಇಟ್ಟ ಹೆಸರು ಇದು.

ಸದ್ಯಕ್ಕೆ ಇದೊಂದನ್ನು ಮಾತ್ರ ಮಾಡಬೇಡಿ, ಅಂದರು ಮೇಡಂ. ಕೊನೆಗೆ ಇದನ್ನೇ ಮಾಡಿಸುತ್ತೇನೆ, ಇದು ಮಾಡಿ ಮರುದಿನ ಬೆಳಗ್ಗೆ ಕೈ ಸುಮ್ಮನಿದ್ದರೆ ಅವತ್ತು ನಿಮಗೆ ನನ್ನಿಂದ ಬಿಡುಗಡೆ, ಅಂದರು.

ಅದಾದ ಮೇಲೆ ಬಂದ ಭಾನುವಾರವೇ ನಿನ್ನ ಮನೆಗೆ ಬಂದದ್ದು. ಮೆಟ್ಟಿಲ ಹತ್ತಿರ ಪಟ್ಟಿ ಬಿಚ್ಚಿ ಚೀಲದೊಳಗೆ ಹಾಕಿಕೊಂಡೆ. ನೀನು ಬಾಗಿಲು ತೆಗೆದೆ, ಮೂಗು ಒರೆಸಿಕೊಳ್ಳುವ ಸನ್ನೆ ಮಾಡಿ ನನ್ನ ಹೆಸರು ಕರೆದೆ, ನಿನ್ನ ಹೆಸರಿಗೆ ಕಾದು ನಿಂತೆ. ನಾನು ಬೆರಳು ಮಾಡಿ ನಿನ್ನನ್ನು ತೋರಿಸಿದೆ. ಮಾತಿನ ನಡುವೆ ಹಾಗೆ ತೋರಿಸುವುದು ನಮ್ಮಲ್ಲಿ ತಪ್ಪೇನಲ್ಲ. ಆದರೆ ಬಾಗಿಲಲ್ಲಿ, ನೀನು ಕಾದು ನಿಂತಾಗ, ಅಂಗಡಿಯಲ್ಲಿ ತರಕಾರಿ ತೋರಿಸಿದ ಹಾಗೆ ತೋರಿಸಿದೆ. ನಿನ್ನ ಮುಖ ಸಣ್ಣದಾದದ್ದು ಕಂಡಿತು. ಎಡಗೈ ಒಂದರಲ್ಲೇ ಮಾಡಬಹುದಿತ್ತಲ್ಲ ಅಂತ ನೀನು ಕೇಳಬಹುದು. ಯೋಚಿಸಿದ್ದೆ. ಆದರೆ ಒಂದೇ ಜಡೆ ಅಂದರೆ ನಿಮ್ಮ ಹಾಸ್ಟೆಲ್ ವಾರ್ಡನ್! ಅವರ ಹೆಸರಿಂದ ನಿನ್ನನ್ನು ಕರೆಯುವುದಕ್ಕಿಂತ ಬೆರಳೇ ವಾಸಿ ಅನ್ನಿಸಿತು.

ಊಟದ ಮೇಜಿನಲ್ಲಿ ನೀನು ಹೊಸ ಮ್ಯಾನೇಜರರ ಕಥೆ ಹೇಳಿದೆ, ಪ್ಲಾಸ್ಟರ್ ಅಚ್ಚು ಒಡೆದದ್ದು, ಒಬ್ಬ ಮುದುಕರ ಮೇಲಿನ ಹಲ್ಲು ಇನ್ನೊಬ್ಬರ ಮನೆ ಸೇರಿದ್ದು. ನಾನು ಹೌದು, ಸರಿ, ಓಹೋ ಅನ್ನುತ್ತಾ ಒಂದೇ ಕೈಯಲ್ಲಿ ತೇಲಿಸಿದೆ. ಪ್ರತಿ ಸಲ ಕೈ ಎತ್ತಿದಾಗಲೂ ಹುಬ್ಬು ಗಂಟಾಗುತ್ತಿತ್ತು. ಬಾಯಿಯವರಾದರೆ ಅದನ್ನು ಗಮನಿಸುತ್ತಲೂ ಇರಲಿಲ್ಲ. ನಮ್ಮ ಮಾತಿನಲ್ಲಿ ಹುಬ್ಬೇ ಅರ್ಧ ಮಾತು. ಗಂಟು ಹಾಕಿದ ಹುಬ್ಬಿನ ಜೊತೆ ಸರಿ ಅಂದರೆ ಅದು ಸರಿ ಅಲ್ಲ, ಸಾಕು ಮುಗಿಸು ಅಂತ. ನೀನು ಓದಿದ್ದರಲ್ಲಿ ತಪ್ಪಿಲ್ಲ. ನಾನು ಹೇಳಿದ್ದೇ ಹಾಗಿತ್ತು.

ಆಮೇಲೆ ನೀನು ಎದ್ದು ನಿಂತು ಭಾಷಣ ಮಾಡಿ ತೋರಿಸಿದೆ. ಎಷ್ಟು ಚೆನ್ನಾಗಿತ್ತು! "ಮೂವತ್ತು ವರ್ಷ ಹಲ್ಲು ಕಟ್ಟಿದೆ. ನಾನು ಕಟ್ಟಿದ ಹಲ್ಲಿನಲ್ಲಿ ಎಷ್ಟೋ ಜನ ಮಾತಾಡಿದ್ದಾರೆ, ಜಗಳ ಆಡಿದ್ದಾರೆ, ನನಗೆ ಒಬ್ಬರದೂ ಕೇಳಿಲ್ಲ. ಇವತ್ತು ನಾನು ಮಾತಾಡುತ್ತೇನೆ, ನೀವು ಕೇಳಿ." ಮುಗಿಸಿ, "ನನ್ನ ದನಿಯಾಗಿ ನೀನೇ ನಿಲ್ಲಬೇಕು" ಅಂತ ನೀನು ಕೇಳಿದೆ. ಅಷ್ಟರಲ್ಲಿ ನನ್ನ ಮುಖ ಬಿಗಿದಿತ್ತು. ನೋಡೋಣ, ಅಂದೆ ನಾನು. ನೀನು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದೆ. ಪಾತ್ರೆಯ ಸದ್ದು ಅವತ್ತೇ ಶುರುವಾದದ್ದು.

ಯಾಕೆ ಹೇಳಲಿಲ್ಲ ಅಂದರೆ, ಅಮ್ಮನ ಕಾರಣಕ್ಕೆ. ಕೊನೆಯ ವರ್ಷಗಳಲ್ಲಿ ಅಮ್ಮನ ಕಣ್ಣು ಮಂಜಾಗಿ, ಕೈ ನೋಡಿ ನೋಡಿ ಕಣ್ಣು ನೋಯುತ್ತದೆ ಅಂದದ್ದನ್ನು ಯಾರೋ ನಿನಗೆ ಹೇಳಿದರು. ನೀನು ಅಮ್ಮನ ಜೊತೆ ಮಾತು ನಿಲ್ಲಿಸಿಬಿಟ್ಟೆ. ಸಿಟ್ಟಿಗಲ್ಲ, ಕರುಣೆಗೆ. ಪಕ್ಕದಲ್ಲಿ ಕೂತು ಕಾಲು ಒತ್ತುತ್ತಿದ್ದೆ, ಕೈಯನ್ನು ಮಾತಿಗೆ ಎತ್ತುತ್ತಿರಲಿಲ್ಲ. ಅಮ್ಮ ನನ್ನ ಹತ್ತಿರ, "ಕಣ್ಣು ನೋಯ್ತದೆ ಅಂದೆ, ಅವಳು ಬೇಡ ಅಂದೆನಾ? ಹೇಳೇ ಅವಳಿಗೆ" ಅಂದಿದ್ದರು. ಹೇಳಿದೆ. ನೀನು ತಲೆ ಆಡಿಸಿದೆ, ಆದರೂ ಮಾತಾಡಲಿಲ್ಲ. ನಿನ್ನ ಜೊತೆ ಮಾತಾಡಿ ಯಾರಿಗಾದರೂ ಕಷ್ಟವಾಗುತ್ತದೆ ಅಂತ ಗೊತ್ತಾದರೆ ನೀನು ಬಾಗಿಲು ಹಾಕಿಕೊಳ್ಳುತ್ತೀಯ, ಅದೂ ನಗುತ್ತಾ. ನನಗೂ ಹಾಗೇ ಮಾಡುತ್ತೀಯ ಅಂತ ಹೆದರಿದೆ. ಸಿಟ್ಟು ಮಾಡಿಕೊಂಡರೆ ಪಾತ್ರೆಯಾದರೂ ಕುಕ್ಕುತ್ತೀಯ. ಕನಿಕರ ಪಟ್ಟರೆ ಸದ್ದೇ ಇರುವುದಿಲ್ಲ.

ಇಷ್ಟೇನಾ ಅಂತ ನನ್ನನ್ನೇ ಕೇಳಿಕೊಂಡೆ. ಇಷ್ಟೇ ಅಲ್ಲ. ಆ ಭಾನುವಾರಕ್ಕೆ ಮೊದಲೇ ಮೇಡಂ ಒಂದು ದಿನ ನನ್ನ ವಾರದ ಕೆಲಸವನ್ನೆಲ್ಲ ಕೇಳಿ, ಇದರಲ್ಲಿ ಯಾವ ಮಾತನ್ನು ಸದ್ಯಕ್ಕೆ ಕಡಿಮೆ ಮಾಡಬಹುದು ಅಂದರು. ನಾನು ಯೋಚಿಸಲೂ ಇಲ್ಲ. ಮನೆಯ ಮಾತು, ಅಂದೆ. ಮನೆಯಲ್ಲಿ ಯಾರ ಜೊತೆ, ಅಂದರು. ಅಕ್ಕನ ಜೊತೆ, ಅಂದೆ. ಅವರು ಆಗಬಹುದು ಅಂತ ತಲೆಯಾಡಿಸಿ ಬಾಟಲಿ ಕೊಟ್ಟರು. ಕೋರ್ಟಿನಲ್ಲಿ ಒಂದು ವಾಕ್ಯ ಬಿಟ್ಟರೆ ಒಬ್ಬರ ಬದುಕು ಕೆಡಬಹುದು, ಆಸ್ಪತ್ರೆಯಲ್ಲಿ ಬಿಟ್ಟರೆ ಜೀವ. ಅಕ್ಕ ಅರ್ಥ ಮಾಡಿಕೊಳ್ಳುತ್ತಾಳೆ. ಹೀಗೇ ಲೆಕ್ಕ ಹಾಕಿದ್ದೆ. ಅರ್ಥ ಮಾಡಿಕೊಳ್ಳುವುದಕ್ಕೆ ಬೇಕಾದದ್ದನ್ನು ಅಕ್ಕನಿಗೆ ಹೇಳಿಯೇ ಇರಲಿಲ್ಲ ಅನ್ನುವುದು ಲೆಕ್ಕದಲ್ಲಿ ಬಿಟ್ಟುಹೋಯಿತು. ಕೈಯನ್ನು ಪರರಿಗೆಲ್ಲ ಉಳಿಸಿಟ್ಟು ನಿನ್ನ ಹತ್ತಿರ ಬರಿಗೈಯಲ್ಲಿ ಬಂದೆ. ಅದಕ್ಕೇ ನಿನ್ನ ಮಾತು ಚುಚ್ಚಿದ್ದು. ಸುಳ್ಳಾಗಿದ್ದರೆ ಚುಚ್ಚುತ್ತಿರಲಿಲ್ಲ.

ಈಗ ನನ್ನ ಕೋರಿಕೆ. ಭಾಷಣ ಬೇಡ ಅಂತ ಬರೆದುಕೊಟ್ಟದ್ದನ್ನು ವಾಪಸು ತಗೋ. ನಿನ್ನ ಕೈ ನೋಡಿ ನಾನು ಬಾಯಲ್ಲಿ ಹೇಳುವುದಕ್ಕೆ ಯಾವ ಹಗ್ಗವೂ ಬೇಡ. ಕಣ್ಣು, ಗಂಟಲು ಎರಡೂ ಗಟ್ಟಿಯಾಗಿವೆ. ಬೇರೆಯವರು ಮಾತಾಡುವಾಗ ನಿನಗೆ ಕೈಯಲ್ಲಿ ಹೇಳುವುದಕ್ಕೆ ನಮ್ಮ ಆಫೀಸಿನ ಹುಡುಗನನ್ನು ಕೇಳಿದ್ದೇನೆ, ನೀನು "ಕನ್ನಡಕ ಜಾರುವವನು" ಅಂತ ಹೆಸರಿಟ್ಟವನು. ಬರುತ್ತೇನೆ ಅಂದಿದ್ದಾನೆ. ಮ್ಯಾನೇಜರು ಉದ್ದ ಮಾತಾಡಿದರೆ ಅವನ ಕೈ ನೋಯಲಿ, ಚಿಕ್ಕ ವಯಸ್ಸು.

ಇನ್ನೊಂದು ಕೋರಿಕೆ. ನನ್ನ ಮೇಲೆ ಕರುಣೆ ತೋರಿಸಿ ಮಾತು ನಿಲ್ಲಿಸಬೇಡ. ಅಮ್ಮನಿಗೆ ಮಾಡಿದ್ದನ್ನು ನನಗೆ ಮಾಡಬೇಡ. ಎಷ್ಟು ಬೇಕಾದರೂ ಹೇಳು, ನಾನು ನೋಡುತ್ತೇನೆ. ಉತ್ತರ ಗಿಡ್ಡವಾಗಿದ್ದರೆ ಕೈ ಗಿಡ್ಡ ಅಂದುಕೋ, ಮನಸ್ಸಲ್ಲ. ಹುಬ್ಬು ಗಂಟಾದರೆ, ಕೈಯಾ ನಾನಾ ಅಂತ ಕೇಳಿಬಿಡು. ಕೈ ಅಂದರೆ ಮುಂದುವರಿಸು. ನೀನು ಅಂದರೆ ಪಾತ್ರೆ ಎತ್ತಿಕೋ.

ಸುಸ್ತಾಗಿದೆ ಅಕ್ಕ. ಕೈಯೊಂದೇ ಅಲ್ಲ. ವಾಸಿಯಾಯಿತು ಅಂತ ಹೇಳಿಕೊಂಡು ಬರುವ ದಿನಕ್ಕೆ ಕಾಯುತ್ತಿದ್ದೆ, ಆ ದಿನ ಮುಂದಕ್ಕೆ ಹೋಗುತ್ತಲೇ ಇದೆ. ಪೂರ್ತಿ ವಾಸಿಯಾಗುತ್ತದೋ ಇಲ್ಲವೋ ಅಂತ ಕೇಳಿದ್ದಕ್ಕೆ ಮೇಡಂ, "ಬರಬಹುದು ಮತ್ತೆ, ಬಂದರೆ ಏನು ಮಾಡಬೇಕು ಅಂತ ಈ ಸಲ ನಿಮಗೆ ಗೊತ್ತಿರುತ್ತೆ" ಅಂದರು. ಆ ಉತ್ತರದಿಂದ ಸಮಾಧಾನ ಆಗಲಿಲ್ಲ, ಆದರೆ ಮೋಸವೂ ಅನ್ನಿಸಲಿಲ್ಲ. ನಿನಗೂ ನಾನು ಕೊಡಬಹುದಾದ್ದು ಅಷ್ಟೇ ಈಗ.

ಟೀ ಬಂತು. ಇವರು ಬಾಗಿಲ ಹೊರಗೆ ಇಟ್ಟು ಬಾಗಿಲು ತಟ್ಟಿ ಹೋದರು. ನಿನಗೆ ತಮ್ಮ ನಮಸ್ಕಾರ ತಿಳಿಸಬೇಕಂತೆ, ನೀನು ಇಲ್ಲೇ ಒಳಗಿದ್ದೀಯ ಅನ್ನುವ ಹಾಗೆ ಹೇಳಿದರು.

ನಿನ್ನ,
ಮೂಗು ಒರೆಸಿಕೊಳ್ಳುವವಳು

ಮತ್ತೆ ಬರೆದದ್ದು: ಇಲ್ಲಿಂದ ಕೈಬರಹ. ಮೇಲಿನದನ್ನು ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದೆ. ಇದನ್ನು ಅಂಗಡಿಯವರು ಓದುವುದು ಬೇಡ ಅಂತ ಮೇಡಂ ಕೊಟ್ಟ ದಪ್ಪ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ನೆಟ್ಟಗಿಲ್ಲ, ಕೆಂಪು ಪೆನ್ಸಿಲ್ ತೆಗೆಯಬೇಡ.

ಮುಖದಲ್ಲಿ ಕಂಡಿದ್ದು ನೋವು ಅಂತ ಶುರುವಿನಲ್ಲೇ ಹೇಳಿದ್ದೇನೆ. ಊಟದ ಹೊತ್ತಿಗೆ ಅದು ನಿಜ. ಭಾಷಣದ ಹೊತ್ತಿಗೆ ಅಲ್ಲ. ಆಗ ನನ್ನ ಕೈ ಮೇಜಿನ ಕೆಳಗೆ ಸುಮ್ಮನಿತ್ತು, ನೋಯುತ್ತಿರಲಿಲ್ಲ. ನೀನು ಕೊನೆಯ ಸಾಲು ಹೇಳಿದೆ: "ನನ್ನ ಜೊತೆ ಮಾತಾಡಿ ಎಲ್ಲರೂ ದಣಿದಿದ್ದಾರೆ, ನನ್ನ ತಂಗಿ ಒಬ್ಬಳು ಯಾವತ್ತೂ ದಣಿದಿಲ್ಲ." ಮುಖ ಬಿಗಿದದ್ದು ಆ ಸಾಲಿಗೆ. ನಾಚಿಕೆ ಆಯಿತು. ಅಷ್ಟು ಜನರ ಮುಂದೆ ಆ ಸಾಲನ್ನು ನನ್ನ ಬಾಯಿಂದಲೇ ಹೇಳಬೇಕಲ್ಲ ಅನ್ನಿಸಿ ನೋಡೋಣ ಅಂದೆ. ದಣಿದಿದ್ದೇನೆ ಅಕ್ಕ. ದಣಿದೂ ಬರುತ್ತೇನೆ. ಸಾಲನ್ನು ಬದಲಿಸುತ್ತೀಯೋ ಇಲ್ಲವೋ ನಿನ್ನಿಷ್ಟ. ನೀನು ಏನು ಹೇಳುತ್ತೀಯೋ ಅದನ್ನೇ ಹೇಳುತ್ತೇನೆ, ಒಂದು ಪದವೂ ಬಿಡದೆ.

ಈಗಷ್ಟೇ ಕನ್ನಡಿಯ ಮುಂದೆ ನಿಂತು ನಿನ್ನ ಹೆಸರು ಮಾಡಿದೆ. ಎರಡೂ ಜಡೆ, ಒಂದೇ ಒಂದು ಸಲ. ಮೇಡಂಗೆ ಹೇಳಿಲ್ಲ. ಕೈ ಏನನ್ನುತ್ತದೆ ಅಂತ ನಾಳೆ ಬೆಳಗ್ಗೆ ಗೊತ್ತಾಗುತ್ತದೆ. ಏನೇ ಅಂದರೂ ಈ ಪತ್ರವನ್ನು ನಾಳೆಯೇ ಅಂಚೆಗೆ ಹಾಕುತ್ತೇನೆ: ಹದಿನೇಳನೇ ತಾರೀಖು, ಮಂಗಳವಾರ.